ಹದಿನೆಂಟನೇ ಸಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚಲು ಇಬ್ಬರು ಬೇಕು. ಎದುರುಬದುರಾಗಿ ನಿಂತು, ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಒಮ್ಮೆ ಜಾಡಿಸಿ, ನಡೆದು ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ಹನ್ನೊಂದು ವರ್ಷ ನಾನು ಸ್ಟಾರಮ್ಮನ ಎದುರು ನಿಂತು ಈ ಕೆಲಸ ಮಾಡಿದ್ದೇನೆ. ಬಟ್ಟೆ ಒಣಗಿಸುವ ಯಂತ್ರಗಳ ಗದ್ದಲದಲ್ಲಿ ದೂರ ನಿಂತವರ ಮಾತು ಕೇಳಿಸುವುದಿಲ್ಲ. ಹತ್ತಿರ ಬಂದಾಗ ಎರಡು ಮಾತು, ಮುಂದಿನ ಚಾದರಕ್ಕೆ ಇನ್ನೆರಡು. ಅವಳ ಬದುಕು ನನಗೆ ಸಿಕ್ಕಿದ್ದು ಹೀಗೆ, ತುಂಡುತುಂಡಾಗಿ.

ಅವಳ ಅಸಲು ಕೆಲಸ ಹೊಲಿಗೆ. ಕಿಟಕಿಯ ಪಕ್ಕದ ಮೇಜು ಅವಳದು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಬೆಳಕಿಗೆ ಹಿಡಿದು, ಸೂಜಿಮೊನೆಯಷ್ಟು ತೂತು ಕಂಡರೂ ಪೆನ್ಸಿಲಿನಿಂದ ಸುತ್ತು ಹಾಕಿ ತೇಪೆ ಹಚ್ಚುತ್ತಿದ್ದಳು. ರೋಗಿಗಳ ಗೌನಿನಿಂದ ಕಿತ್ತುಬಂದ ಕಟ್ಟುದಾರಗಳನ್ನು ಮತ್ತೆ ಹೊಲಿಯುತ್ತಿದ್ದಳು. ಮಧ್ಯಾಹ್ನದ ಮೇಲೆ ಮಡಚುವ ಮೇಜಿಗೆ ಬರುತ್ತಿದ್ದಳು. ವಯಸ್ಸು ನಲವತ್ತೇಳು. ಗಂಡ ಶಾಲಾ ವ್ಯಾನಿನ ಚಾಲಕ, ಮಾತು ಕಡಿಮೆ. ಒಬ್ಬಳೇ ಮಗಳು, ಕಾಲೇಜಿನಲ್ಲಿ ಓದುತ್ತಿದ್ದಳು. ತಾಯಿಯ ಪಾಲಿನ ಮಾತನ್ನೂ ತಂದೆಯ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿಬಿಡುತ್ತಿದ್ದಳು.

ಸ್ಟಾರಮ್ಮ ಎನ್ನುವುದು ಲಾಂಡ್ರಿಯವರು ಇಟ್ಟ ಹೆಸರು. ಹದಿಮೂರನೇ ವಯಸ್ಸಿನಲ್ಲಿ ಅವಳು ಒಂದು ಸಿನಿಮಾದಲ್ಲಿ ಮುಖ್ಯ ಪಾತ್ರ ಮಾಡಿದ್ದಳು. ಅವಳ ಮನೆಯವರು ಆಗ ಇದ್ದದ್ದು ನಾಲ್ಕು ಮಹಡಿಯ ಹಳೇ ಕಟ್ಟಡದಲ್ಲಿ. ನೀರು ಬರುತ್ತಿದ್ದದ್ದು ಕೆಳಗಿನ ಒಂದೇ ನಲ್ಲಿಗೆ. ತಾಯಿ ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿಯುತ್ತಿದ್ದಳು. ಮನೆ ನೋಡಿಕೊಳ್ಳುತ್ತಿದ್ದವಳು ಅಕ್ಕ, ಇವಳಿಗಿಂತ ಆರು ವರ್ಷ ದೊಡ್ಡವಳು. ತಮ್ಮನಿಗೆ ಆರು ವರ್ಷ. ಒಂದು ದಿನ ಆ ಬೀದಿಗೆ ಬಂದ ನಿರ್ದೇಶಕರು ನಲ್ಲಿಯ ಸಾಲಿನಲ್ಲಿ ನಿಂತಿದ್ದ ಅಕ್ಕತಂಗಿಯರನ್ನು ನೋಡಿ, ಇಬ್ಬರಿಗೂ ಒಂದೊಂದು ಬಕೆಟ್ ಹಿಡಿಸಿ ಮೆಟ್ಟಿಲು ಹತ್ತಿಸಿ, ತಂಗಿಯನ್ನು ಆರಿಸಿದರು. ಕಟ್ಟಡದ ಮನೆಮನೆಗೂ ನೀರು ಹೊರುವ ಹುಡುಗಿಯ ಕಥೆ ಅದು. ಹೆಸರು 'ಮೆಟ್ಟಿಲ ಹುಡುಗಿ'. ಕೊನೆಯಲ್ಲಿ ಅವಳ ಅಪ್ಪ ಕೆಲಸದ ಜಾಗದಲ್ಲಿ ಬಿದ್ದು ಸತ್ತ ಸುದ್ದಿ ಬರುತ್ತದೆ. ಹುಡುಗಿ ಬಕೆಟ್ ಕೈಬಿಟ್ಟು ನಾಲ್ಕೂ ಮಹಡಿ ಅಳುತ್ತಾ ಓಡಿ ಇಳಿಯುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಚಿತ್ರ ಹಡಗು ಹತ್ತಿತು, ವಿಮಾನ ಹತ್ತಿತು, ಯಾವ್ಯಾವುದೋ ದೇಶದ ಚಿತ್ರೋತ್ಸವಗಳಲ್ಲಿ ಬಹುಮಾನ ಗೆದ್ದಿತು. ಇಲ್ಲಿ ಮಾತ್ರ ಒಂದು ಥಿಯೇಟರೂ ಅದನ್ನು ಹಾಕಲಿಲ್ಲ. ಇವಳ ಪಾಲಿಗೆ ಬಂದದ್ದು ಉತ್ತಮ ಬಾಲನಟಿ ಎಂದು ಪರಭಾಷೆಯಲ್ಲಿ ಬರೆದ ಒಂದು ಪ್ರಮಾಣಪತ್ರ. ನಿರ್ದೇಶಕರು ಕ್ಯಾಸೆಟ್ ಕಳಿಸುತ್ತೇನೆಂದಿದ್ದರು, ಬರಲಿಲ್ಲ. ಹೀಗಾಗಿ ತಾನು ನಟಿಸಿದ ಚಿತ್ರವನ್ನು ಅವಳು ನೋಡಿಯೇ ಇರಲಿಲ್ಲ.

ಆದರೆ ಆ ಕೊನೆಯ ದೃಶ್ಯದ ಕಥೆಯನ್ನು ಅವಳು ನಮಗೆ ಎಷ್ಟು ಸಲ ಹೇಳಿರಬಹುದೋ. ಅಳು ಬರುತ್ತಲೇ ಇರಲಿಲ್ಲವಂತೆ. ಹದಿನೇಳು ಸಲ ಓಡಿಸಿದರು. ಒಮ್ಮೆ ನಗು ಬಂತು, ಒಮ್ಮೆ ಕೆಮ್ಮು ಬಂತು, ಅಳು ಬರಲಿಲ್ಲ. ಸ್ವಲ್ಪ ಸುಧಾರಿಸಿಕೋ ಎಂದು ನಿರ್ದೇಶಕರು ನಾಲ್ಕನೇ ಮಹಡಿಯಲ್ಲಿ ಕೂರಿಸಿದರು. ಬಕೆಟ್ ಎತ್ತಿಕೊಂಡು ನಿಂತಾಗ ಅಕ್ಕ ಏದುಸಿರು ಬಿಡುತ್ತಾ ಹತ್ತಿ ಬಂದು, ತಮ್ಮನು ಹಿಂಬದಿಯ ಹೊಸ ಕಟ್ಟಡದ ನೀರಿನ ಸಂಪಿನೊಳಗೆ ಬಿದ್ದಿದ್ದಾನೆ, ಅಂಗಿ ತೇಲುತ್ತಿದೆ ಎಂದಳು. ಇವಳು ಬಕೆಟ್ ಬಿಟ್ಟು, ಒಂದು ಚಪ್ಪಲಿ ಮೂರನೇ ಮಹಡಿಯಲ್ಲೇ ಕಳೆದುಕೊಂಡು, ಕಿರುಚುತ್ತಾ ಕೆಳಗೆ ಬಂದು ನೋಡಿದರೆ ತಮ್ಮ ಅಂಗಳದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಯಾರದೋ ಅಂಗಿ ನೋಡಿ ಮೋಸ ಹೋದೆ ಎಂದು ಅಕ್ಕ ತಬ್ಬಿಕೊಂಡು ಅತ್ತಳು. ಇಬ್ಬರೂ ಸೇರಿ ಅತ್ತರು. ಅರ್ಧ ಗಂಟೆ ಬಿಟ್ಟು ನಿರ್ದೇಶಕರು, ಈಗ ಒಮ್ಮೆ ಮಾಡ್ತೀಯಾ ಎಂದರು. ಇವಳು ಚಪ್ಪಲಿ ಮೆಟ್ಟಿ, ಹತ್ತಿ, ಹದಿನೆಂಟನೇ ಸಲ ಓಡಿದಳು. ಅಳು ತಾನಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಅಕ್ಕ.

"ಮೊದಲನೇ ಅಳು ಭಯದ್ದು, ಅದನ್ನ ಬಿಟ್ಟಾಕು," ಎನ್ನುತ್ತಿದ್ದಳು ಸ್ಟಾರಮ್ಮ, ಚಾದರದ ಅಂಚು ನನ್ನ ಕೈಗೆ ಕೊಡುತ್ತಾ. "ಸಿನಿಮಾದಲ್ಲಿರೋದು ಎರಡನೇದು. ಅದು ನಾನು ಮಾಡಿದ್ದು."

ಬಿಟ್ಟಾಕು ಎಂದರೂ ಅವಳೇನೂ ಬಿಟ್ಟಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಅವಳ ಕಾಲಿನ ಬಲ ಉಡುಗುತ್ತಿತ್ತು. ತಮ್ಮ ಈಗ ನಲವತ್ತು ವರ್ಷದ, ಹೊಟ್ಟೆ ಬಂದ ಬಸ್ ಮೆಕ್ಯಾನಿಕ್. ಅವನಿಗೆ ದಿನವೂ ಊಟದ ಹೊತ್ತಿಗೆ ಫೋನ್ ಮಾಡಿ ಸುಮ್ಮನೆ ಅವನ ದನಿ ಕೇಳಿ ಇಡುತ್ತಿದ್ದಳು. ಮಗಳ ಶಾಲೆಯಲ್ಲಿ ಈಜು ಕಲಿಸುತ್ತೇವೆಂದಾಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಇದರ ಕಾರಣ ಮನೆಯವರಲ್ಲಿ ಗೊತ್ತಿದ್ದವಳು ಅಕ್ಕ ಒಬ್ಬಳೇ. ಆ ದಿನದ ಭಯವನ್ನು ತಾವಿಬ್ಬರೇ ಉಂಡವರು ಎಂದು ಸ್ಟಾರಮ್ಮ ನಂಬಿದ್ದಳು. ತಾಯಿ ಹೋದ ಮೇಲಂತೂ ಅಕ್ಕ ಹೇಳಿದ್ದೇ ಅವಳಿಗೆ ಕೊನೆಯ ಮಾತು.

ಹೋದ ವರ್ಷ ಟೀವಿಯಲ್ಲಿ 'ವಿಶ್ವ ಮೆಚ್ಚಿದ ಚಿತ್ರಗಳು' ಎಂದು ಶುರುವಾಯಿತು. ಹತ್ತು ಭಾನುವಾರ, ಮಧ್ಯಾಹ್ನ ಮೂರಕ್ಕೆ, ದೊಡ್ಡ ಚಿತ್ರೋತ್ಸವಗಳಲ್ಲಿ ಗೆದ್ದ ಹತ್ತು ಸಿನಿಮಾ. ಪಟ್ಟಿಯಲ್ಲಿ ಏಳನೆಯದು 'ಮೆಟ್ಟಿಲ ಹುಡುಗಿ'. ಮಗಳು ಪತ್ರಿಕೆಯಲ್ಲಿ ನೋಡಿ ಬೊಬ್ಬೆ ಹಾಕಿದಳಂತೆ. ಲಾಂಡ್ರಿಯಲ್ಲಿ ಅದೇ ಮಾತು. ಸ್ಟಾರಮ್ಮ ತನ್ನ ಸರದಿಗೆ ತಯಾರಾಗಲು ಮೊದಲ ಭಾನುವಾರದಿಂದಲೇ ನೋಡತೊಡಗಿದಳು. ಅವಳ ದಾಕ್ಷಿಣ್ಯಕ್ಕೆ ನಾವೂ ನೋಡಿದೆವು. ಮೊದಲನೆಯದರಲ್ಲಿ ಇಬ್ಬರು ಮುದುಕರು ಹಿಮದಲ್ಲಿ ಒಂದು ದೋಣಿ ಎಳೆಯುತ್ತಾರೆ, ಎಳೆಯುತ್ತಲೇ ಇರುತ್ತಾರೆ. ಇಸ್ತ್ರಿಯವನು ಸೋಮವಾರ ಬಂದು, ದೋಣಿ ಎಲ್ಲಿಗಾದ್ರೂ ಹೋಯ್ತಾ, ನಾನು ಊಟ ಮಾಡಿ ಮಲಗಿ ಎದ್ದು ನೋಡಿದಾಗ್ಲೂ ಅಲ್ಲೇ ಇತ್ತು ಎಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಮೂರನೇ ವಾರದ ಹೊತ್ತಿಗೆ ಸ್ಟಾರಮ್ಮನಿಗೆ ಅವುಗಳ ರುಚಿ ಹತ್ತಿತ್ತು. ಕುರುಡ ಗಡಿಯಾರ ರಿಪೇರಿಯವನ ಚಿತ್ರ ನೋಡಿ ಬಂದ ದಿನ, ಅವನು ಬೆರಳಿನಿಂದ ನೋಡುವುದನ್ನು ಅವಳು ತೂತು ಹುಡುಕುವ ತನ್ನ ಬೆರಳಿನಲ್ಲೇ ತೋರಿಸಿದಳು. ಆಗ ನನಗೆ ಅನಿಸಿತ್ತು, ಈಕೆಗೆ ನಿಜಕ್ಕೂ ನಟನೆ ಬರುತ್ತದೆ.

ಏಳನೇ ಭಾನುವಾರ ಎಲ್ಲರೂ ಅಕ್ಕನ ಮನೆಯಲ್ಲಿ ಸೇರಿದರು. ಅಲ್ಲಿ ಟೀವಿ ದೊಡ್ಡದು. ಅಕ್ಕ, ಭಾವ, ತಮ್ಮ, ತಮ್ಮನ ಹೆಂಡತಿ, ಸ್ಟಾರಮ್ಮನ ಗಂಡ, ಮಗಳು. ಪ್ರತಿ ಚಿತ್ರಕ್ಕೂ ಮೊದಲು ಹತ್ತು ನಿಮಿಷದ ಪರಿಚಯ ಇರುತ್ತಿತ್ತು. ಆ ದಿನ ನಿರ್ದೇಶಕರೇ ಬಂದು ಕೂತಿದ್ದರು. ಎಪ್ಪತ್ತಾರು ವರ್ಷ, ಬೆಳ್ಳಗಿನ ಕೂದಲು, ಮೆಲುದನಿ. ಸ್ಟಾರಮ್ಮ ಅವರನ್ನು ನೋಡಿ ಕಣ್ಣೊರೆಸಿಕೊಂಡಳು. ನಿರೂಪಕ ಆ ಕೊನೆಯ ಓಟದ ಬಗ್ಗೆ ಕೇಳಿದ. ಅಂಥ ಅಳು ಒಂದು ಮಗುವಿನಿಂದ ಹೇಗೆ ಬಂತು ಎಂದ.

"ಅದೊಂದು ಗುಟ್ಟು, ಈಗ ಹೇಳಬಹುದು," ಎಂದರು ನಿರ್ದೇಶಕರು ನಗುತ್ತಾ. "ಹುಡುಗಿಗೆ ಅಳು ಬರ್ತಿರಲಿಲ್ಲ. ಅವಳ ಅಕ್ಕನ್ನ ಕರೆದು, ನಿಮ್ಮ ತಮ್ಮ ಸಂಪಿಗೆ ಬಿದ್ದ ಅಂತ ಹೋಗಿ ಹೇಳು ಅಂದೆ. ಮೆಟ್ಟಿಲ ತಿರುವುಗಳಲ್ಲಿ ಮೂರು ಕ್ಯಾಮೆರಾ ಅಡಗಿಸಿಟ್ಟಿದ್ದೆ. ಆ ಅಕ್ಕ ಏನು ಮಾಡಿದ್ಲು ಗೊತ್ತಾ, ಏದುಸಿರು ಕೂಡ ತಾನೇ ಬರಿಸ್ಕೊಂಡು ಹೋದ್ಲು. ನನ್ನ ಚಿತ್ರದ ಅತ್ಯುತ್ತಮ ನಟಿ ತೆರೆ ಮೇಲೆ ಬರಲೇ ಇಲ್ಲ."

ನಿರೂಪಕ ಮೆಚ್ಚಿ ತಲೆದೂಗಿದ. ಇತ್ತ ಹಜಾರದಲ್ಲಿ ಅಕ್ಕ ಎದ್ದು, ಟೀಗೆ ಇಡ್ತೀನಿ ಎಂದು ಒಳಗೆ ಹೋದಳು. ಅಷ್ಟರಲ್ಲಿ ಚಿತ್ರ ಶುರುವಾಗಿಬಿಟ್ಟಿತು.

ಒಂದೂವರೆ ಗಂಟೆ ಸ್ಟಾರಮ್ಮ ಅಲುಗಾಡದೆ ನೋಡಿದಳು. ತನ್ನ ಸಣ್ಣ ತೋಳು, ತುಳುಕುವ ಬಕೆಟ್, ಈಗಿಲ್ಲದ ತಾಯಿ ಒಂದು ಕ್ಷಣ ಬಾಗಿಲಲ್ಲಿ ನಿಂತು ಮರೆಯಾದದ್ದು. ಇದೆಲ್ಲ ಕಂಡರೂ ಮನಸ್ಸು ಕೊನೆಯ ದೃಶ್ಯಕ್ಕೇ ಕಾಯುತ್ತಿತ್ತು. ಏನೇ ಆಗಲಿ ಅಲ್ಲಿರುವುದು ಹದಿನೆಂಟನೇ ಸಲದ್ದು ತಾನೆ ಎಂದು ತನಗೆ ತಾನೇ ಹೇಳಿಕೊಂಡಳಂತೆ. ದೃಶ್ಯ ಬಂತು. ಹುಡುಗಿ ಬಕೆಟ್ ಬಿಟ್ಟಳು, ಓಡಿದಳು. ಮೂರನೇ ಮಹಡಿಯ ತಿರುವಿನಲ್ಲಿ ಅವಳ ಎಡಗಾಲಿನ ಚಪ್ಪಲಿ ಕಳಚಿ ಕಂಬಿಯ ಸಂದಿನಿಂದ ಕೆಳಕ್ಕೆ ಬಿತ್ತು. ಉಳಿದ ಎರಡೂವರೆ ಮಹಡಿಯನ್ನು ಅವಳು ಒಂದು ಬರಿಗಾಲಲ್ಲೇ ಇಳಿದಳು. ಚಪ್ಪಲಿ ಕಳಚಿದ್ದು ಸಂಪಿನ ಸುದ್ದಿ ಕೇಳಿ ಓಡಿದಾಗ. ಹದಿನೆಂಟನೇ ಸಲ ಎರಡೂ ಕಾಲಿನಲ್ಲಿ ಚಪ್ಪಲಿ ಇತ್ತು.

ಚಿತ್ರ ಮುಗಿದಾಗ ತಮ್ಮನು, ನಂಗಂತೂ ಬಿಸ್ಕತ್ತು ಮಾತ್ರ ನೆನಪಿದೆ ಎಂದು ನಕ್ಕ. ಸ್ಟಾರಮ್ಮ ಅಡುಗೆಮನೆಗೆ ಹೋದಳು. ಟೀ ಕುದಿದು ಕುದಿದು ತಳ ಹತ್ತಿತ್ತು. ಅಕ್ಕ ಪಾತ್ರೆ ಉಜ್ಜುತ್ತಾ ನಿಂತಿದ್ದಳು.

"ನಿಜಾನಾ ಅಕ್ಕ?"

"ಯಾವ ಕಾಲದ್ದು ಬಿಡೇ ಪುಟ್ಟಿ," ಎಂದಳು ಅಕ್ಕ, ತಿರುಗಿ ನೋಡದೆ. "ಅವನಿಗೇನೂ ಆಗಿರಲಿಲ್ಲವಲ್ಲ."

ಸ್ಟಾರಮ್ಮ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಮಗಳು ಏನೋ ಹೇಳಲು ಬಾಯಿ ತೆರೆದಾಗ, ಎಂದೂ ಮಾತಾಡದ ಗಂಡ ಮಗಳ ಮೊಣಕೈ ಒತ್ತಿ ಸುಮ್ಮನಾಗಿಸಿದನಂತೆ.

ಸೋಮವಾರ ಲಾಂಡ್ರಿಯಲ್ಲಿ ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಮೇಲ್ವಿಚಾರಕರು ಎಲ್ಲರಿಗೂ ಕೇಕ್ ತರಿಸಿದ್ದರು. ನಿರ್ದೇಶಕರ ಮಾತನ್ನು ನಾವೂ ಕೇಳಿದ್ದೆವು, ಆದರೆ ನಮಗೆ ಅದೊಂದು ತಮಾಷೆಯ ಜಾಣತನವಾಗಿ ಕಂಡಿತ್ತು, ಸುಳ್ಳು ಹೇಳುವುದಿಲ್ಲ. ಅವಳು ಕೇಕ್ ಕತ್ತರಿಸಿದಳು. ಮಧ್ಯಾಹ್ನ ನನ್ನ ಎದುರು ಚಾದರ ಹಿಡಿದು ನಿಂತಾಗ ಹದಿನೈದಿಪ್ಪತ್ತು ಚಾದರ ಮಡಚಿದಳು. ಆಮೇಲೆ ಹತ್ತಿರ ಬಂದು ಹೇಳಿದಳು: "ಅಳೋವಾಗ ಅಕ್ಕ ನನ್ನ ತಬ್ಕೊಂಡಿದ್ಲಲ್ಲ. ಅದನ್ನೂ ಅವರೇ ಹೇಳಿಕೊಟ್ಟಿದ್ರಾ ಅಂತ ಯೋಚನೆ ಮಾಡ್ತಿದೀನಿ."

ಅಕ್ಕನ ಫೋನನ್ನು ಅವಳು ಎತ್ತುವುದು ಬಿಟ್ಟಳು. ತಮ್ಮನಿಗೆ ಊಟದ ಹೊತ್ತಿಗೆ ಮಾಡುತ್ತಿದ್ದ ಫೋನೂ ನಿಂತಿತು. ಅವನೇ ಗಾಬರಿಯಾಗಿ ಒಂದು ದಿನ ಲಾಂಡ್ರಿಯ ಬಾಗಿಲಿಗೆ ಬಂದು ಇಣುಕಿದ.

ಎರಡು ವಾರದ ಮೇಲೆ ಟೀವಿಯವರಿಂದ ಕರೆ ಬಂತು. ಹತ್ತನೇ ಭಾನುವಾರ ಸರಣಿ ಮುಗಿಯುವಾಗ ಪ್ರೇಕ್ಷಕರು ಮೆಚ್ಚಿದ ಚಿತ್ರಗಳ ಬಗ್ಗೆ ಒಂದು ಮಾತುಕತೆ. ನಿರ್ದೇಶಕರ ಜೊತೆ ಅವಳೂ ಬಂದರೆ ಚೆನ್ನ ಎಂದರು. ಅವಳು ಒಲ್ಲೆ ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಹೋಗ್ತೀನಿ, ಒಂದು ಕೇಳಬೇಕಾಗಿದೆ ಎಂದಳು.

ಸ್ಟುಡಿಯೋಗೆ ಮಗಳು ಜೊತೆಗೆ ಹೋದಳು. ಮುಖಕ್ಕೆ ಪೌಡರ್ ಹಚ್ಚಿ ಕುರ್ಚಿಯಲ್ಲಿ ಕೂರಿಸಿದ ಮೇಲೆ, ದೀಪ ಸರಿಮಾಡುತ್ತಿದ್ದವನು, ಹಾಗೇ ಒಂದೆರಡು ಸಲ ತಲೆಯಾಡಿಸಿ ಮೇಡಂ, ಸ್ವಲ್ಪ ನಗಿ, ಬೆಳಕು ನೋಡ್ಬೇಕು ಎಂದ. ಅವಳು ತಲೆಯಾಡಿಸಿದಳು, ನಕ್ಕಳು. ನಿರ್ದೇಶಕರು ಬಂದು ಅವಳ ತಲೆ ಸವರಿ, ನನ್ನ ಮಗು ಎಷ್ಟು ದೊಡ್ಡದಾಗಿದೆ ಎಂದರು. ಅವರ ಮೇಲೆ ಸಿಟ್ಟು ಮಾಡಲು ಆಗುತ್ತದೋ ಇಲ್ಲವೋ ಎಂದು ಅವಳಿಗೆ ಆಗ ಭಯವಾಯಿತಂತೆ.

ಸಂಪಿನ ಕಥೆಯನ್ನು ನಿರ್ದೇಶಕರು ಮತ್ತೊಮ್ಮೆ ಹೇಳಿದರು. ನಿರೂಪಕ ಇವಳ ಕಡೆ ತಿರುಗಿದಾಗ ಇವಳು ಕೇಳಿದಳು: "ಸರ್, ಆಮೇಲೆ ಹದಿನೆಂಟನೇ ಸಲ ಓಡಿದ್ನಲ್ಲ, ಅದರಲ್ಲಿ ನಾನೇ ಅತ್ತಿದ್ದೆ. ಅದನ್ನ ಯಾಕೆ ಹಾಕಲಿಲ್ಲ?"

ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದ ಮೇಲೆ ಮುಖ ಅರಳಿತು. "ಓ, ಅದಾ. ಆಗ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ ಮಗು. ನೀನು ತುಂಬ ಬೆದರಿದ್ದೆ. ಸಮಾಧಾನ ಆಗ್ಲಿ ಅಂತ ಸುಮ್ನೆ ಓಡಿಸಿದ್ವಿ."

ಸ್ಟಾರಮ್ಮ ನಮಗೆ ಹೇಳುವಾಗ ಇಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದಳು. ಆ ಮೇಲಿನದನ್ನು ಮಗಳ ಬಾಯಿಂದ ಕೇಳಿದ್ದೇನೆ. ಅಮ್ಮ ದನಿ ಏರಿಸಲಿಲ್ಲವಂತೆ. "ನನ್ನ ಕೇಳಿದ್ದಿದ್ರೆ ಇನ್ನೂ ಹದಿನೇಳು ಸಲ ಓಡ್ತಿದ್ದೆ ಸರ್," ಎಂದಳು. "ಇವತ್ತಿಗೂ ಫೋನ್ ಬಡ್ಕೊಂಡ್ರೆ ನನ್ನ ಕಾಲು ನಿಲ್ಲಲ್ಲ. ಮಗಳಿಗೆ ಈಜು ಕಲಿಸಲಿಲ್ಲ. ನೀವು ಕೊಡಿಸಿದ ಪತ್ರ ಮನೇಲಿ ಗೋಡೆ ಮೇಲಿದೆ, ಅದರಲ್ಲಿ ನನ್ನದು ಅನ್ನೋದು ಏನಿದೆ ಹೇಳಿ."

"ಹಾಗೆ ಮಾಡದೆ ಇದ್ದಿದ್ರೆ ಆ ಅಳು ಬರ್ತಿರಲಿಲ್ಲ," ಎಂದರು ಅವರು, ಮೆಲ್ಲಗೆ.

"ಬರದೆ ಇದ್ದಿದ್ರೆ ಏನಾಗ್ತಿತ್ತು?"

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೊರಡುವಾಗ ಪೌಡರ್ ಹಚ್ಚಿದ ಹೆಂಗಸು ಸ್ಟಾರಮ್ಮನ ಕೈ ಹಿಡಿದು, ಒಳ್ಳೇದು ಮಾಡಿದ್ರಿ ಮೇಡಂ ಎಂದಳಂತೆ. ಅಂದು ಅವಳು ಹಗುರಾಗಿ ಮನೆಗೆ ಬಂದಳು. ಹತ್ತನೇ ಭಾನುವಾರ ತಪ್ಪದೆ ನೋಡಿ ಎಂದು ನಮಗೆಲ್ಲ ಹೇಳಿದಳು. ಅಕ್ಕನಿಗೂ ನೋಡಲು ಹೇಳು ಎಂದು ತಮ್ಮನಿಗೆ ಹೇಳಿಕಳಿಸಿದಳು.

ನಾವೆಲ್ಲ ನೋಡಿದೆವು. ನಿರ್ದೇಶಕರು ಸಂಪಿನ ಕಥೆ ಹೇಳುತ್ತಾರೆ. ಅತ್ಯುತ್ತಮ ನಟಿ ತೆರೆಯ ಮೇಲೆ ಬರಲೇ ಇಲ್ಲ ಎನ್ನುತ್ತಾರೆ. ಮರುಕ್ಷಣ ಸ್ಟಾರಮ್ಮನ ಮುಖ. ಅವಳು ಎರಡು ಸಲ ತಲೆಯಾಡಿಸಿ, ಸ್ವಲ್ಪ ನಗುತ್ತಾಳೆ. ಆಮೇಲೆ ನಿರ್ದೇಶಕರ ಕೈ ಅವಳ ತಲೆಯ ಮೇಲೆ. ಸಂಗೀತ. ಮುಂದಿನ ಚಿತ್ರದ ಮಾತು ಶುರು. ಅವಳ ಬಾಯಿಂದ ಒಂದು ಮಾತೂ ಇರಲಿಲ್ಲ.

ಮಗಳು ಟೀವಿಯವರಿಗೆ ಫೋನ್ ಮಾಡಿ ಜಗಳ ತೆಗೆದಳು. ಸಮಯ ಸಾಲಲಿಲ್ಲ, ಎಲ್ಲರದ್ದೂ ಕತ್ತರಿಸಿದ್ದೇವೆ ಎಂದರು. ಕತ್ತರಿಸದೆ ಇಟ್ಟದ್ದಿದ್ದರೆ ಕೊಡಿ ಎಂದಳು. ಅದನ್ನೆಲ್ಲ ಇಡುವುದಿಲ್ಲ ಎಂದರು. ಸ್ಟಾರಮ್ಮ ಗೋಡೆಯ ಪ್ರಮಾಣಪತ್ರವನ್ನು ಇಳಿಸಿ ಮಂಚದ ಕೆಳಗೆ ತಳ್ಳಿದಳು.

ಅದಾಗಿ ತಿಂಗಳಿಗೆ ಅಕ್ಕ ಲಾಂಡ್ರಿಗೆ ಬಂದಳು. ಊಟದ ಬಿಡುವು. ಹಿಂಬದಿಯಲ್ಲಿ ಖಾಲಿ ಟ್ರಾಲಿಗಳು ನಿಲ್ಲುವ ಜಾಗದ ಕಟ್ಟೆಯ ಮೇಲೆ ಅಕ್ಕತಂಗಿ ಕೂತರು. ನಾನು ಎದ್ದು ಹೋಗಲು ನೋಡಿದೆ. ಸ್ಟಾರಮ್ಮ ನನ್ನ ಸೆರಗು ಜಗ್ಗಿ ಕೂರಿಸಿಕೊಂಡಳು. ಸಾಕ್ಷಿಗೆ ಇರಲಿ ಎಂದೇನೋ.

ಅಕ್ಕ ಸುತ್ತಿಬಳಸಲಿಲ್ಲ. ನಲ್ಲಿಯ ಹತ್ತಿರ ಇಬ್ಬರಿಗೂ ಬಕೆಟ್ ಹಿಡಿಸಿ ಹತ್ತಿಸಿ ತನ್ನನ್ನು ಬೇಡವೆಂದದ್ದು, ಮೂರು ವಾರ ತಂಗಿಯ ಕೂದಲು ಬಾಚಿ, ಬಟ್ಟೆ ಒಗೆದು, ದೂರ ನಿಂತು ನೋಡಿದ್ದು, ಎಲ್ಲ ಹೇಳಿದಳು. "ಅವತ್ತು ಅವರು ನನ್ನ ಪಕ್ಕಕ್ಕೆ ಕರೆದು, ನಿನ್ನ ಮಾತನ್ನ ಮಾತ್ರ ಅವಳು ನಂಬೋದು ಅಂದ್ರು ಕಣೇ. ಅಷ್ಟು ಜನರಲ್ಲಿ ನನಗೂ ಒಂದು ಕೆಲಸ ಸಿಕ್ತು ಅನ್ನಿಸ್ತು. ಎರಡನೇ ಮಹಡೀಲಿ ಒಂದು ಸಲ ನಿಂತೆ. ಬೇಡ ಅನ್ನಿಸ್ತು. ಆದ್ರೂ ಹತ್ತಿದೆ."

"ತಬ್ಕೊಂಡಿದ್ದು?"

"ಅದು ಯಾರೂ ಹೇಳಿಕೊಟ್ಟಿರಲಿಲ್ಲ." ಅಕ್ಕ ಮುಂದುವರಿಸಿದಳು: "ರೀಲ್ ಇರಲಿಲ್ಲ ಅನ್ನೋದು ನನಗೂ ಗೊತ್ತಿರಲಿಲ್ಲ. ನಿನ್ನ ಮಗಳು ಹೇಳಿದ ಮೇಲೇ ಗೊತ್ತಾಗಿದ್ದು. ನಾನು ಚಪ್ಪಾಳೆ ತಟ್ಟಿದ್ದು ನೀನು ಚೆನ್ನಾಗಿ ಮಾಡಿದೆ ಅಂತಲೇ. ನಿಜವಾಗ್ಲೂ ಚೆನ್ನಾಗಿತ್ತು ಪುಟ್ಟಿ. ಮೊದಲನೇದಕ್ಕಿಂತ ಚೆನ್ನಾಗಿತ್ತು."

ಸ್ಟಾರಮ್ಮ ಅಕ್ಕನ ಮುಖವನ್ನು, ಹಸಿರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಂತೆ, ಬಹಳ ಹೊತ್ತು ನೋಡಿದಳು. ಬಿಡುವು ಮುಗಿಯಿತು ಎಂದು ಎದ್ದಳು. ಅಂದು ಚಾದರ ಮಡಚುವಾಗ ನನ್ನನ್ನು ಕೇಳಿದಳು: "ಆ ಹದಿನೆಂಟನೇ ಓಟ ನೋಡಿದವರಲ್ಲಿ ನನ್ನ ಜೊತೆ ಮಾತಾಡೋರು ಅವಳೊಬ್ಬಳೇ ಈಗ. ಅವಳ ಮಾತೇ ನಂಬೋ ಹಾಗಿಲ್ಲ. ಏನು ಮಾಡ್ಲಿ?" ನಾನು ಅಂಚಿಗೆ ಅಂಚು ಕೂಡಿಸಿ ಹಿಂದೆ ಸರಿದೆ.

ಈ ವರ್ಷದ ಆರಂಭದಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಕ್ಕನ ಫೋನ್ ಬಂತು. ಅದನ್ನು ಎತ್ತುವಷ್ಟು ಆಗ ಸರಿಹೋಗಿತ್ತು. ಭಾವನಿಗೆ ಎದೆನೋವು, ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಬಂದಿದೀನಿ, ತುರ್ತು ವಿಭಾಗದಲ್ಲಿದ್ದೀವಿ ಎಂದಳು ಅಕ್ಕ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತಂತೆ. ತುರ್ತು ವಿಭಾಗ ನಮ್ಮ ಲಾಂಡ್ರಿಯಿಂದ ನೂರು ಹೆಜ್ಜೆ. ಸ್ಟಾರಮ್ಮ ಎದ್ದು ನಿಂತಳು, ಹೋಗಲಿಲ್ಲ. ಗೋಡೆಯ ಫೋನೆತ್ತಿ ತುರ್ತು ವಿಭಾಗದ ಕೌಂಟರಿಗೆ ಹಚ್ಚಿ, ಭಾವನ ಹೆಸರು ಹೇಳಿ, ಇವರು ಎದೆನೋವೆಂದು ಬಂದಿದ್ದಾರಾ ಎಂದು ಕೇಳಿದಳು. ಹೌದು ಎಂದರು. ಆಗ ಓಡಿದಳು. ನಾನೂ ಹಿಂದೆ ಹೋದೆ.

ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಇವಳ ಲಾಂಡ್ರಿ ಅಂಗಿ ನೋಡಿ ಕೌಂಟರಿನ ಹುಡುಗಿ, ಈಗ ಫೋನ್ ಮಾಡಿ ಕೇಳಿದ್ದು ನೀವೇನಾ, ಅವರು ಒಳಗಿದ್ದಾರೆ ಎಂದು ಕೂಗಿ ಹೇಳಿದಳು. ಅಕ್ಕ ಕೇಳಿಸಿಕೊಂಡಳು. ಸ್ವಲ್ಪ ಸರಿದು ಜಾಗ ಮಾಡಿದಳು. ಸ್ಟಾರಮ್ಮ ಕೂತಳು. ಇಬ್ಬರೂ ಮುಚ್ಚಿದ ಬಾಗಿಲು ನೋಡುತ್ತಾ ಸಂಜೆಯವರೆಗೆ ಕೂತಿದ್ದರು.

ಭಾವ ಆರನೇ ದಿನ ಮನೆಗೆ ಹೋದ. ಈಗ ಚೆನ್ನಾಗಿದ್ದಾನೆ. ಅಕ್ಕತಂಗಿಯರ ನಡುವೆ ಮಾತುಕತೆ ಇದೆ, ಹೋಗಿಬರುವುದೂ ಇದೆ. ಆದರೆ ಅಂದಿನಿಂದ ಅಕ್ಕ ಒಂದು ರೂಢಿ ಮಾಡಿಕೊಂಡಿದ್ದಾಳೆ. ಸಣ್ಣಪುಟ್ಟ ವಿಷಯಕ್ಕೆ ತಾನೇ ಫೋನ್ ಮಾಡುತ್ತಾಳೆ. ಯಾರಿಗಾದರೂ ಹುಷಾರಿಲ್ಲ ಎಂಬಂಥ ಸುದ್ದಿಯಿದ್ದರೆ ಫೋನನ್ನು ಭಾವನ ಕೈಗೆ ಕೊಟ್ಟು, ನೀವೇ ಹೇಳಿ ಎಂದು ಪಕ್ಕದಲ್ಲಿ ನಿಲ್ಲುತ್ತಾಳೆ.